ನವಾಬನ ಉಡಿ

ಸಿಂಧನೂರಿನ ಮೊದಲ ಬೆಳಿಗ್ಗೆ ಬಾಗಿಲು ತೆಗೆದು ನೋಡುತ್ತೇನೆ, ಎದುರಿನ ಖಾಲಿ ಜಾಗದಲ್ಲಿ ಒಂದು ಎಮ್ಮೆಗರು ವಿಲಾಯತಿ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದೆ. ಕಿಟಕಿಯಿಂದ ಮೂತಿ ಹೊರಗೆ ಹಾಕಿ, ಡ್ರೈವರು ಯಾಕಿನ್ನೂ ಬರಲಿಲ್ಲ ಎನ್ನುವ ಗತ್ತಿನಲ್ಲಿ ನನ್ನನ್ನು ನೋಡಿತು. ದಾವಣಗೆರೆಯ ನಮ್ಮ ಬೀದಿಗೆ ಕಾರು ಬಂತೆಂದರೆ ಮಿಲ್ಲಿನ ದೊಡ್ಡವರು ಬಂದರೆಂದೇ ಲೆಕ್ಕ, ನಾವೆಲ್ಲ ದಾರಿ ಬಿಟ್ಟು ನಿಲ್ಲುತ್ತಿದ್ದೆವು. ಆ ಅಭ್ಯಾಸಬಲದಿಂದ ನಾನು ಸೆರಗು ಸರಿಮಾಡಿಕೊಂಡು ಬಾಗಿಲ ಪಕ್ಕಕ್ಕೆ ಸರಿದು ನಿಂತೆ. ಕರು ಒಮ್ಮೆ ಸೀನಿ ಮುಖ ತಿರುಗಿಸಿತು.

ಇದು ಎಂಬತ್ತರ ದಶಕದ ಕೊನೆಯ ಮಾತು. ನಮ್ಮೂರಿನ ಹತ್ತಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ನಮ್ಮವರು ಅಂಥದ್ದೊಂದು ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಕೆಲಸ ಹೋದ ಮೇಲೆ, ಸಿಂಧನೂರಿನ ಅಕ್ಕಿ ಗಿರಣಿಯೊಂದಕ್ಕೆ ಮಷೀನು ನೋಡಿಕೊಳ್ಳುವವರು ಬೇಕಂತೆ ಎಂದು ತಿಳಿದು ಟ್ರಂಕು, ಹೊಲಿಗೆ ಮಷೀನು, ನಾನು, ಈ ಕ್ರಮದಲ್ಲಿ ಎಲ್ಲವನ್ನೂ ಬಸ್ಸಿಗೆ ಹತ್ತಿಸಿದರು. ಎರಡು ವರ್ಷ, ಆಮೇಲೆ ವಾಪಸ್ಸು ಎಂದು ನಮ್ಮಿಬ್ಬರಲ್ಲಿ ಕರಾರಾಗಿತ್ತು. ಬಸ್ಸಿನಲ್ಲಿ ಅವರು ನನ್ನನ್ನು ಸಮಾಧಾನ ಮಾಡಿದ ರೀತಿ ಕೇಳಿ: ನಮ್ಮ ಭದ್ರೆಯೇ ತುಂಗೆಯನ್ನು ಕೂಡಿಕೊಂಡು, ಡ್ಯಾಮಿಗೆ ಬಂದು, ಕಾಲುವೆ ಹಿಡಿದು ಸಿಂಧನೂರಿಗೆ ಹೋಗುತ್ತಾಳೆ, ಅಲ್ಲಿಯೂ ನೀನು ಕುಡಿಯುವುದು ತವರಿನ ನೀರೇ. ನೀರು ತಾನಾಗಿ ಹರಿದು ಹೋಗುತ್ತದೆ, ನನ್ನನ್ನು ನೀವು ಎಳೆದುಕೊಂಡು ಹೋಗುತ್ತಿದ್ದೀರಿ ಎಂದೆ. ಹೊಸಪೇಟೆ ಬರುವವರೆಗೆ ಅವರು ಕಿಟಕಿಯಾಚೆ ಕಾಲುವೆಯನ್ನೇ ಹುಡುಕುತ್ತಾ ಕೂತರು.

ನಮಗೆ ಸಿಕ್ಕ ಮನೆ ಮಣ್ಣಿನ ಮಾಳಿಗೆಯದು. ಬೇಸಿಗೆಯಲ್ಲಿ ಊರಿಗೆ ಊರೇ ರಾತ್ರಿ ಮಾಳಿಗೆ ಹತ್ತಿ ಮಲಗುತ್ತದೆ. ದಾವಣಗೆರೆಯಲ್ಲಿ ನಾನು ಪಕ್ಕದ ಮನೆಯವರ ಮುಖ ನೋಡಿದ್ದೆನೇ ಹೊರತು ಗೊರಕೆ ಕೇಳಿರಲಿಲ್ಲ. ಇಲ್ಲಿ ಯಾರ ಗೊರಕೆ ಯಾವುದೆಂದು ಒಂದೇ ತಿಂಗಳಲ್ಲಿ ಕಲಿತುಬಿಟ್ಟೆ. ಊರಿನಲ್ಲಿ ಮಿಲ್ಲಿನ ಸೈರನ್ನು ಕೂಗಿದರೆ ಅನ್ನಕ್ಕಿಡುತ್ತಿದ್ದೆವು. ಇಲ್ಲಿ ಗಡಿಯಾರವೆಂದರೆ ಕಾಲುವೆ. ನೀರು ಬಿಟ್ಟರೆಂದರೆ ಬಳಗಾನೂರು, ತುರ್ವಿಹಾಳದ ಕಡೆಯ ಗದ್ದೆಗಳಿಗೆ ನಾಟಿ ಹಚ್ಚಲು ಹೆಣ್ಣುಮಕ್ಕಳು ಹೊರಡುತ್ತಾರೆ, ಆಮೇಲೆ ಬೀದಿಯಲ್ಲಿ ನಾನು, ಎಮ್ಮೆಗಳು ಮತ್ತು ಬಿಸಿಲು. ಒಗೆದು ಹಾಕಿದ ಬಟ್ಟೆಯ ಮೇಲೆ ಗಿರಣಿಯ ಭತ್ತದ ಹೊಟ್ಟಿನ ಬೂದಿ ಬಂದು ಕೂರುತ್ತಿತ್ತು. ಮೊದಮೊದಲು ಆ ಬೂದಿ ಕೊಡವುತ್ತಾ ನಾನು ಅತ್ತದ್ದೂ ಉಂಟು.

ತಿಂಡಿಯ ವಿಷಯದಲ್ಲಿ ಮಾತ್ರ ಬೇಗ ರಾಜಿಯಾದೆ. ನಮ್ಮ ಒಗ್ಗರಣೆ ಮಂಡಕ್ಕಿ ಇಲ್ಲಿ ಮಂಡಾಳು ಒಗ್ಗರಣಿ ಎಂಬ ಹೆಸರಿನಲ್ಲಿ, ಪಕ್ಕದಲ್ಲಿ ಮಿರ್ಚಿ ಇಟ್ಟುಕೊಂಡು ಸಿಕ್ಕಿತು. ಊರಿನ ನೆಂಟರು ಸಿಕ್ಕಂತಾಯಿತು. ಪುಂಡಿಸೊಪ್ಪಿನ ಹುಳಿಪಲ್ಯ, ಬಿಸಿ ರೊಟ್ಟಿ ನಾಲಿಗೆಗೆ ಹತ್ತಲು ಒಂದು ವರ್ಷ ಹಿಡಿಯಿತು, ಆಮೇಲೆ ಬಿಡಲಿಲ್ಲ. ನನ್ನ ಮೊದಲ ಗೆಲುವು ಬುಗ್ಗೆ ತೋಳಿನದು. ಬೀದಿಯ ಹುಡುಗಿಯೊಬ್ಬಳಿಗೆ ದಾವಣಗೆರೆಯ ಹಾಗೆ ಬುಗ್ಗೆ ತೋಳಿಟ್ಟು ರವಿಕೆ ಹೊಲಿದುಕೊಟ್ಟೆ. ಜಾತ್ರೆಯ ಹೊತ್ತಿಗೆ ಗೊರೇಬಾಳದಿಂದಲೂ ಬಟ್ಟೆ ಬರತೊಡಗಿತು. ಅಲ್ಲಿಯವರೆಗೆ ನಾನು ಮಿಸ್ತ್ರಿ ಹೆಂಡತಿ, ಎಂದರೆ ಮೆಕ್ಯಾನಿಕ್ಕನ ಹೆಂಡತಿ. ಆಮೇಲೆ ದಾವಣಗೇರಿ ತಂಗಿ ಆದೆ.

ಹಾಗೆ ಮೊದಲು ಕರೆದದ್ದು ಎದುರು ಮನೆಯ ಹುಲಿಗೆಮ್ಮಕ್ಕ. ಆ ಕರು ಅವಳದು. ತುರ್ವಿಹಾಳದಿಂದ ಮದುವೆಯಾಗಿ ಬಂದವಳು, ಗಂಡ ತೀರಿಹೋಗಿ ಎಮ್ಮೆ ಕಟ್ಟಿಕೊಂಡು ಹಾಲು ಹಾಕುತ್ತಿದ್ದಳು, ಮಕ್ಕಳಿರಲಿಲ್ಲ. ಅವಳಿಗೆ ದನಿ ತಗ್ಗಿಸಿ ಮಾತಾಡಲು ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಏನು ಜಗಳವಾಯಿತೆಂದು ನನಗಿಂತ ಚೆನ್ನಾಗಿ ಬೀದಿಗೆ ವಿವರಿಸುತ್ತಿದ್ದಳು. ನಾನು ಮೊದಲ ಸಲ ತವರಿಗೆ ಹೊರಟಾಗ ಬಸ್‌ಸ್ಟ್ಯಾಂಡಿಗೇ ಬಂದು, ಬಸ್ಸು ನಿಲ್ಲಿಸಿ, ನನ್ನ ಉಡಿ ತುಂಬಿದಳು. ನಮ್ಮ ಕಡೆ ಮಡಿಲಕ್ಕಿ ಎನ್ನುವುದೇ ಇಲ್ಲಿಯ ಉಡಿ: ಮನೆ ಬಿಟ್ಟು ಹೊರಡುವ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಎಲೆ ಅಡಿಕೆ, ಮೇಲೊಂದು ರವಿಕೆಯ ಖಣ. ಅದನ್ನು ತುಂಬುವವರು ತವರಿನವರು, ಅದೂ ಮುತ್ತೈದೆಯರು, ಇವಳು ಯಾರು ನನಗೆ ತುಂಬಲು ಎಂದು ಒಳಗೊಳಗೇ ಸಿಟ್ಟು ಬಂತು. ಸಾಲದ್ದಕ್ಕೆ ಕಂಡಕ್ಟರು ನಮ್ಮಿಬ್ಬರನ್ನೂ ಬೈದ.

ಇನ್ನು ಆ ಕಾರು. ಅದು ಗಿರಣಿ ಸಾಹುಕಾರರ ತಂದೆ ಒಂದು ಕಾಲದಲ್ಲಿ ಹೈದರಾಬಾದಿನಿಂದ ತಂದದ್ದು. ಯಾವುದೋ ನವಾಬರ ಮನೆಯದಂತೆ, ಅದಕ್ಕೇ ಊರಿನವರೆಲ್ಲ ಅದನ್ನು ನವಾಬ ಎನ್ನುತ್ತಿದ್ದರು. ಚರ್ಮದ ಸೀಟು, ಹಿಂದೆ ಮೀನಿನ ರೆಕ್ಕೆಯಂಥ ಎರಡು ಕೋಡು, ಬಾಗಿಲಿಗೊಂದು ಆಶ್‌ಟ್ರೇ. ಪೆಟ್ರೋಲು ಕುಡಿಯುವುದರಲ್ಲೂ ನವಾಬನೇ. ಇಂಥ ಕಾರನ್ನು ಕೊಳ್ಳುವುದು ಕಷ್ಟವಲ್ಲ, ಕೊಂಡ ಮೇಲೆ ಸಾಕುವುದಿದೆಯಲ್ಲ, ಅದು ಮನೆಯಳಿಯನನ್ನು ಸಾಕಿದ ಹಾಗೆ. ಸಾಹುಕಾರರು ಸಾಕಲಾರದೆ ತಮ್ಮ ಖಾಲಿ ಜಾಗದಲ್ಲಿ ನಿಲ್ಲಿಸಿದ್ದರು. ಪಕ್ಕದಲ್ಲೇ ಇದ್ದ ಹುಲಿಗೆಮ್ಮಕ್ಕ ಅದನ್ನು ಕರುವಿನ ಕೊಟ್ಟಿಗೆ ಮಾಡಿಕೊಂಡಿದ್ದಳು. ಆಶ್‌ಟ್ರೇಗಳಲ್ಲಿ ಅವಳ ತಂಬಾಕು, ಸುಣ್ಣ ಇರುತ್ತಿತ್ತು.

ನಮ್ಮವರು ಅದನ್ನು ಒಂದು ಜೊತೆ ಎತ್ತಿಗಿಂತ ಅಗ್ಗಕ್ಕೆ ಕೊಂಡರು. ನನ್ನನ್ನು ಕೇಳಲಿಲ್ಲ. ಕೇಳಿದ್ದು ಹುಲಿಗೆಮ್ಮಕ್ಕನನ್ನು, ಕರುವನ್ನು ಬೇರೆ ಕಡೆ ಕಟ್ಟಲು. ಅವಳು ಮೂರು ದಿನ ನಮ್ಮ ಮನೆಗೆ ಹಾಲು ಹಾಕಲಿಲ್ಲ. ಮಿಲ್ಲು ಮುಚ್ಚಿದ ಮೇಲೆ ಈ ಮನುಷ್ಯ ಹಾಗೆ ನಗುವುದನ್ನು ನಾನು ನೋಡಿರಲಿಲ್ಲವಾದ್ದರಿಂದ ಜಗಳವನ್ನು ಅರ್ಧಕ್ಕೇ ಬಿಟ್ಟೆ. ವರ್ಷಗಟ್ಟಲೆ ಬಿಚ್ಚಿ ಜೋಡಿಸಿ, ಟ್ರ್ಯಾಕ್ಟರಿನದೊಂದು, ಗಿರಣಿಯದೊಂದು ಸಾಮಾನು ಸೇರಿಸಿ ಕೊನೆಗೂ ಅದನ್ನು ಓಡಿಸಿದರು. ನಿನಗೆ ಬೇಕೆನಿಸಿದಾಗ ದಾವಣಗೆರೆಗೆ ಹೋಗಿ ಬರೋಣ ಎಂದರು. ಆದರೆ ಆ ವರ್ಷಗಳಲ್ಲಿ ನವಾಬ ಮಸ್ಕಿಯಿಂದ ಆಚೆಗೆ ಹೋಗಿ ಸ್ವಂತ ಕಾಲಮೇಲೆ ವಾಪಸ್ಸು ಬರಲೇ ಇಲ್ಲ. ಹೋಗುವಾಗ ಪೆಟ್ರೋಲಿನಲ್ಲಿ, ಬರುವಾಗ ಟ್ರ್ಯಾಕ್ಟರಿನ ಹಿಂದೆ. ಎರಡು ವರ್ಷದ ಕರಾರು ಎಲ್ಲಿ ಹೋಯಿತೆಂದು ನಾನು ಕೇಳಿದಾಗಲೆಲ್ಲ ಅವರು ಕಾರಿನ ಕೆಳಗೆ ತೂರಿಕೊಳ್ಳುತ್ತಿದ್ದರು.

ತೊಂಬತ್ತರ ದಶಕ ಬಂತು, ಜೊತೆಗೆ ತೆರಿಗೆಯೂ. ದೊಡ್ಡ ಹಳೆಯ ಗಾಡಿಗಳ ಕರ ಏರಿತು, ಮರುವರ್ಷ ಇನ್ನೂ ಏರಿತು. ಆಮೇಲೆ ಬಂತು ಹೊಗೆಯ ಸುದ್ದಿ. ಗಾಡಿಯ ಹೊಗೆಯನ್ನು ಮಷೀನಿಟ್ಟು ಅಳೆಯುತ್ತಾರೆ, ಪಾಸಾಗದಿದ್ದರೆ ಇನ್ನೂ ಹೆಚ್ಚಿನ ತೆರಿಗೆ, ಇಲ್ಲವೇ ಗಾಡಿ ಗುಜರಿಗೆ. ಈ ಸುದ್ದಿ ನಮ್ಮ ಬೀದಿಗೆ ಬರುವಷ್ಟರಲ್ಲಿ ಸರ್ಕಾರ ಹೊಗೆಗೇ ಕಂದಾಯ ಹಾಕಿದೆ ಎಂದಾಗಿತ್ತು. ಬೀಡಿ ಸೇದುವವರು ಗಾಬರಿಯಾದರು. ಹುಲಿಗೆಮ್ಮಕ್ಕ ಬಂದು, ತನ್ನ ಎರಡು ಒಲೆಗಳಲ್ಲಿ ಒಂದನ್ನು ಒಡೆದು ಹಾಕಲೇ ಎಂದು ಕೇಳಿದಳು. ನಾನು ನಕ್ಕರೂ ಒಳಗೆ ಏನೋ ಚುಚ್ಚಿತು. ನಮ್ಮೂರಿನಲ್ಲಿ ಚಿಮಣಿ ಹೊಗೆ ಬಿಟ್ಟರೆ ನಮಗೆ ಸಂಬಳ ಬರುತ್ತಿತ್ತು, ಇಲ್ಲಿ ಹೊಗೆ ಬಿಟ್ಟರೆ ನಾವೇ ಕೊಡಬೇಕು.

ಅದೇ ಸಮಯಕ್ಕೆ ದಾವಣಗೆರೆಯಿಂದ ನನ್ನ ತಮ್ಮ ಹೇಳಿ ಕಳಿಸಿದ. ಅವನ ವರ್ಕ್‌ಶಾಪಿನಲ್ಲಿ ಭಾವನಿಗೆ ಜಾಗವಿದೆ, ಆದರೆ ಈಗಲೇ ಬರಬೇಕು. ನಾನು ಈ ಸಲ ಕಾರಿನ ಕೆಳಗೆ ತೂರಲು ಬಿಡಲಿಲ್ಲ, ಒಂದು ತೀರ್ಮಾನ ಹೇಳಿ ಎಂದು ಬಾಗಿಲಿಗೆ ಅಡ್ಡ ನಿಂತೆ. ನಮ್ಮವರು ಜನರ ಮಾತಿಗಿಂತ ಮಷೀನಿನ ಮಾತನ್ನು ಹೆಚ್ಚು ನಂಬುವವರು. ಕೈಯ ಎಣ್ಣೆ ಒರೆಸಿಕೊಂಡು ಹೇಳಿದರು: "ಲಿಂಗಸುಗೂರಿಗೆ ಆರ್‌ಟಿಓ ಸಾಹೇಬ್ರು ಹೊಗೆ ತಪಾಸಣೆಗೆ ಬರ್ತಾರಂತೆ. ನವಾಬ ಪಾಸಾದ್ರೆ ಇಲ್ಲೇ ಇರಣ. ಫೇಲಾದ್ರೆ ಅವನ್ನ ಅಲ್ಲೇ ಗುಜರಿಗೆ ಹಾಕಿ, ಸಾಮಾನು ಕಟ್ಟಿ ಊರಿಗೆ ಹೋಗಣ."

ನನಗೆ ಇದಕ್ಕಿಂತ ಇನ್ನೇನು ಬೇಕು? ನವಾಬ ಪಾಸಾಗುವ ಗಾಡಿಯೇ ಅಲ್ಲ. ಅದು ಚಾಲೂ ಆದರೆ ಬೀದಿಯ ಕೋಳಿಗಳು ಮಳೆ ಬಂತೆಂದು ಬುಟ್ಟಿಯ ಕೆಳಗೆ ಹೋಗುತ್ತಿದ್ದವು. ನಾನು ಅಂದೇ ಹೊಲಿಗೆ ಮಷೀನಿಗೆ ಸುತ್ತಲು ಗೋಣಿಚೀಲ ಹುಡುಕಿಟ್ಟೆ. ತಮಾಷೆಯೆಂದರೆ, ಅದನ್ನು ಹುಡುಕುವಾಗ ಹೊಲಿಯಬೇಕಿದ್ದ ರವಿಕೆಗಳ ರಾಶಿ ಕಣ್ಣಿಗೆ ಬಿದ್ದು, ಇವರಿಗೆಲ್ಲ ಇನ್ನು ಯಾರು ತೋಳಿಡುತ್ತಾರೆ ಎಂದು ಸಂಕಟವಾಯಿತು. ಆ ಸಂಕಟವನ್ನು ಗೋಣಿಚೀಲದ ಜೊತೆ ಮಡಿಸಿ ಮೂಲೆಗಿಟ್ಟೆ. ನಮ್ಮಿಬ್ಬರ ಈ ಒಪ್ಪಂದ ಮನೆಯೊಳಗಿನದು, ಆದರೆ ಎದುರು ಮನೆಯಲ್ಲಿ ಹುಲಿಗೆಮ್ಮಕ್ಕ ಇದ್ದಳು.

ಒಂದು ತಿಂಗಳು ನಮ್ಮವರು ನವಾಬನ ಎಂಜಿನ್ನಿಗೆ ಬಾಣಂತಿಯ ಆರೈಕೆ ಮಾಡಿದರು. ಹೊರಡುವ ಹಿಂದಿನ ದಿನ ಬಾನೆಟ್ಟು ಮುಚ್ಚಿ, ಅದರ ಮೇಲೆ ಮೂರು ಬೆರಳ ವಿಭೂತಿ ಎಳೆದು, ಇನ್ನು ಸಾಹೇಬರೇ ಹೇಳಿ ತೆಗೆಸುವವರೆಗೆ ಇದನ್ನು ಯಾರೂ ಮುಟ್ಟಬಾರದು ಎಂದು ಸಾರಿದರು. ಬೆಳಿಗ್ಗೆ ಬೀದಿಯೇ ಬಂದು ಬೀಳ್ಕೊಟ್ಟಿತು. ಹುಲಿಗೆಮ್ಮಕ್ಕ ಮಾತ್ರ ದೂರದಲ್ಲಿ ನಿಂತಿದ್ದಳು, ಅಪರೂಪಕ್ಕೆ ಸುಮ್ಮನೆ. ನನ್ನ ಉಡಿಯನ್ನೂ ತುಂಬಲಿಲ್ಲ. ಸಂಜೆಗೆ ಬರುವವಳಿಗೆ ಯಾಕೆ ತುಂಬುತ್ತಾಳೆ ಎಂದುಕೊಂಡರೂ ಮನಸ್ಸಿಗೆ ಪಿಚ್ಚೆನಿಸಿತು.

ಮಸ್ಕಿ ಮುಟ್ಟುವಷ್ಟರಲ್ಲಿ ಕಾರಿನೊಳಗೆ ಒಂದು ವಾಸನೆ ಬರತೊಡಗಿತು, ಯಾರೋ ಹಬ್ಬದ ಅಡುಗೆ ಮಾಡುತ್ತಿರುವ ಹಾಗೆ. ಮಸ್ಕಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹೋಟೆಲಿನ ವಾಸನೆಯೆಂದುಕೊಂಡೆ. ಮಸ್ಕಿಯ ಗುಡ್ಡ ಹಿಂದೆ ಸರಿದರೂ ವಾಸನೆ ನಮ್ಮ ಜೊತೆಗೇ ಬಂತು. ಬಾನೆಟ್ಟು ತೆಗೆದು ನೋಡಿ ಎಂದೆ. ವಿಭೂತಿ ಎಳೆದಾಗಿದೆ ಎಂದರು. ಇಷ್ಟು ವರ್ಷದಲ್ಲಿ ನಮ್ಮವರು ದೇವರಿಗೆ ಕೊಟ್ಟ ಮಾತು ಇಟ್ಟುಕೊಂಡದ್ದು ಅದೊಂದೇ ಸಲ. ನಾನು ಸೀಟಿಗೊರಗಿ, ಸುಟ್ಟು ಹೋಗಲಿ, ಆದಷ್ಟು ಬೇಗ ದಾವಣಗೆರೆ ಸೇರೋಣ ಎಂದು ಕಣ್ಣುಮುಚ್ಚಿದೆ.

ಲಿಂಗಸುಗೂರಿನ ಪ್ರವಾಸಿ ಮಂದಿರದ ಅಂಗಳದಲ್ಲಿ ತಪಾಸಣೆ. ಜೀಪು, ಟೆಂಪೋ, ಟ್ರ್ಯಾಕ್ಟರುಗಳ ಸಾಲಿನ ಕೊನೆಯಲ್ಲಿ ನವಾಬ ನಿಂತಾಗ ಡ್ರೈವರುಗಳೆಲ್ಲ ಬಂದು ಸುತ್ತುವರಿದರು. ಸಾಹೇಬರು ತೆಳ್ಳಗೆ, ಬಿಸಿಲಿಗೆ ಬಳಲಿದ್ದರು. ಮಾತಿನಲ್ಲೇ ಮೈಸೂರು ಕಡೆಯವರೆಂದು ಗೊತ್ತಾಗುತ್ತಿತ್ತು. ಮೇಜಿನ ಮೇಲೆ ಒಂದು ಪೆಟ್ಟಿಗೆ, ಅದಕ್ಕೊಂದು ಉದ್ದನೆಯ ಕೊಳವೆ. ಕೊಳವೆಯನ್ನು ಗಾಡಿಯ ಹಿಂದಿನ ಹೊಗೆ ನಳಿಕೆಗೆ ಸೇರಿಸಿದರೆ ಪೆಟ್ಟಿಗೆಯ ಮುಳ್ಳು ಏಳುತ್ತದೆ, ಗೆರೆ ದಾಟಿದರೆ ಫೇಲು. ಅದಕ್ಕೂ ಮೊದಲು ಎಂಜಿನ್ ನಂಬರು ನೋಡಬೇಕು, ಬಾನೆಟ್ ತೆಗೀರಿ ಎಂದರು ಸಾಹೇಬರು.

ತೆಗೆದದ್ದೇ ತಡ, ಒಳಗಿನಿಂದ ದಪ್ಪನೆಯ ಹೊಗೆ ಎದ್ದು ಅವರ ಟೋಪಿಯನ್ನು ಮುಚ್ಚಿತು. ಎಂಥ ಹೊಗೆ ಅಂತೀರಿ! ಹುರಿದ ಕೊಬ್ಬರಿ, ಸುಟ್ಟ ಅರಿಶಿನ, ಸೀದ ಅನ್ನ. ಸಾಹೇಬರು ಕೆಮ್ಮಿ, ಕಣ್ಣೊರೆಸಿಕೊಂಡು, ನಮ್ಮವರನ್ನು ನೋಡಿದರು. "ಹಿಂದೆ ಬರೋ ಹೊಗೆಗೆ ನನ್ನ ಹತ್ರ ಮಷೀನಿದೆ. ಮುಂದೆ ಬರೋ ಹೊಗೆಗೆ ಏನಿಡಲಿ, ನೀವೇ ಹೇಳಿ." ಒಬ್ಬ ಟೆಂಪೋ ಡ್ರೈವರು ಕೋಲಿನಿಂದ ಎಂಜಿನ್ನಿನ ಸಂದಿಯಿಂದ ಒಂದು ಗಂಟನ್ನು ಎತ್ತಿ ಕೆಳಗೆ ಹಾಕಿದ. ಅರ್ಧ ಸುಟ್ಟ ಬಟ್ಟೆ, ಕರಕಲಾದ ಅಕ್ಕಿ, ಚೆನ್ನಾಗಿ ಬೆಂದ ಎರಡು ಕೊಬ್ಬರಿ ಬಟ್ಟಲು. ಬಟ್ಟೆಯ ಅಂಚು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಹಸಿರು ಖಣ, ಕೆಂಪು ಅಂಚು, ಹೋದ ಹಬ್ಬಕ್ಕೆ ನಾನೇ ಹುಲಿಗೆಮ್ಮಕ್ಕನಿಗೆ ಕೊಟ್ಟದ್ದು. ನಸುಕಿನಲ್ಲೆದ್ದು ಅವಳು ನವಾಬನಿಗೆ ಉಡಿ ತುಂಬಿದ್ದಳು. ಕಾರಿನ ಉಡಿ ಎಲ್ಲಿರುತ್ತದೆಂದು ಯೋಚಿಸಿ, ಬಾನೆಟ್ಟು ಎತ್ತಿ, ಒಳಗಿಟ್ಟು, ಮೇಲಿನ ವಿಭೂತಿಯನ್ನು ಮತ್ತೆ ಎಳೆದು ಹೋಗಿದ್ದಳು.

ಸಾಹೇಬರು ಪೆನ್ನು ತೆಗೆದರು. ನಾನು ಸುಮ್ಮನೆ ನಿಂತಿದ್ದರೆ ಸಾಕಾಗಿತ್ತು, ಅವರು ಫೇಲು ಎಂದು ಬರೆಯುತ್ತಿದ್ದರು, ಆ ವಾರವೇ ನಾನು ದಾವಣಗೆರೆಯಲ್ಲಿರುತ್ತಿದ್ದೆ. ಆದರೆ ಸುತ್ತ ನಿಂತ ಡ್ರೈವರುಗಳು ಆ ಗಂಟನ್ನು ಕಾಲಿನಿಂದ ಹೊರಳಿಸಿ ನಗುತ್ತಿದ್ದರು. ನನಗೆ ಎಲ್ಲಿತ್ತೋ ಸಿಟ್ಟು, ಮುಂದೆ ಹೋಗಿ ಗಂಟನ್ನು ಎತ್ತಿಕೊಂಡೆ. ಅದಿನ್ನೂ ಬಿಸಿಯಿತ್ತು.

"ಸಾರ್, ಇದು ಗಾಡಿ ಹೊಗೆಯಲ್ಲ, ಉಡಿ. ಮನೆ ಬಿಟ್ಟು ಹೊರಟವರಿಗೆ ನಮ್ಮೂರಲ್ಲಿ ತುಂಬ್ತಾರೆ, ಹೋದವರು ತಿರುಗಿ ಬರಲಿ ಅಂತ. ಇದಕ್ಕೆ ತೆರಿಗೆ ಹಾಕಬೇಡಿ."

"ಯಾವೂರಮ್ಮ ನಿಮ್ದು?" ಎಂದರು ಸಾಹೇಬರು.

"ಸಿಂಧನೂರು" ಎಂದೆ.

ಹೇಳಿಯಾದ ಮೇಲೆ ನನಗೇ ಕೇಳಿಸಿತು. ನಮ್ಮವರು ನನ್ನನ್ನು ನೋಡಿದ ನೋಟವನ್ನು ನಾನು ಈಗಲೂ ಮರೆತಿಲ್ಲ. ಸಾಹೇಬರು ಪೆನ್ನನ್ನು ಜೇಬಿಗಿಟ್ಟು, ಎಂಜಿನ್ನಿನ ಬೂದಿ ಒರೆಸಿ ಕಾರನ್ನು ಮತ್ತೆ ಚಾಲೂ ಮಾಡಲು ಹೇಳಿದರು. ತಾವು ಊರಿನಿಂದ ಹೊರಡುವಾಗ ತಮ್ಮ ತಾಯಿಯೂ ಏನಾದರೊಂದನ್ನು ಕಟ್ಟಿಕೊಡುತ್ತಾರೆ, ಆದರೆ ಎಂಜಿನ್ನಿನಲ್ಲಿಟ್ಟು ಅಲ್ಲ ಎಂದರು. ಕೊಳವೆಯನ್ನು ನಳಿಕೆಗೆ ಸೇರಿಸಿದರು. ಮುಳ್ಳು ಎದ್ದಿತು. ನಮ್ಮವರು ಕಣ್ಣು ಮುಚ್ಚಿಕೊಂಡರು. ನಾನು ಮುಚ್ಚಲಿಲ್ಲ. ಇಳಿ, ಇಳಿ ಎಂದು ಮುಳ್ಳಿಗೆ ಹೇಳುತ್ತಿದ್ದೆ. ಅದು ಗೆರೆಯ ಹತ್ತಿರ ಬಂದು, ಸ್ವಲ್ಪ ನಡುಗಿ, ಗೆರೆಯ ಕೆಳಗೇ ನಿಂತಿತು. ಪಾಸು. ಅದೇ ಡ್ರೈವರುಗಳು ಈಗ ಕೊಬ್ಬರಿ ಬಟ್ಟಲನ್ನು ಒಡೆದು ಪ್ರಸಾದವೆಂದು ಹಂಚಿಕೊಂಡರು. ಸಾಹೇಬರೂ ಒಂದು ಚೂರು ಬಾಯಿಗೆ ಹಾಕಿಕೊಂಡು, ಮುಂದಿನ ವರ್ಷ ತೆರಿಗೆ ಇನ್ನೂ ಏರುತ್ತದೆ, ಎಷ್ಟು ದಿನ ಸಾಕುತ್ತೀರೋ ನೋಡಿ ಎಂದು ಕಾಗದ ಕೊಟ್ಟರು.

ಸಂಜೆ ಬೀದಿಗೆ ತಿರುಗಿದಾಗ ಹುಲಿಗೆಮ್ಮಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಸುಟ್ಟ ಖಣವನ್ನು ಅವಳ ಮುಂದೆ ಹಿಡಿದು ಬೈಯಲೆಂದೇ ಇಳಿದೆ. ಗಾಡಿಗೆ ಬೆಂಕಿ ಹತ್ತಿದ್ದರೆ ಏನು ಗತಿ, ಹೋಗಲಿ, ನವಾಬ ಗಂಡಸು, ಗಂಡಸಿಗೆ ಯಾರಾದರೂ ಉಡಿ ತುಂಬುತ್ತಾರೆಯೇ ಎಂದು ಕೇಳಿದೆ.

"ಹೊಸ್ತಿಲ ದಾಟಿ ಹೋಗೋರೆಲ್ಲಾ ಹೆಣ್ಮಕ್ಕಳ ಬೇ" ಎಂದಳು. ಆಮೇಲೆ ಅವಳ ದನಿ ನಾನು ಎಂದೂ ಕೇಳದಷ್ಟು ತಗ್ಗಿತು. "ನಿನಗ ತುಂಬಿದ್ರ ನೀ ಬ್ಯಾಡ ಅಂತಿದ್ದಿ. ಗಾಡಿ ತಿರುಗಿ ಬಂದ್ರ ನೀನೂ ಇಲ್ಲೇ ಇರ್ತೀ ಅಂತ ಮಿಸ್ತ್ರಿ ಹೇಳಿದ್ದು ನನಗ ಕೇಳಿತ್ತು. ಅದಕ್ಕ ಗಾಡಿಗೇ ತುಂಬಿನಿ."

ಸುಟ್ಟ ಖಣವನ್ನು ಮಡಿಸಿ ಸೆರಗಿಗೆ ಕಟ್ಟಿಕೊಂಡೆ. ಅವಳ ಪಕ್ಕ ಕೂತು ಇಬ್ಬರೂ ಸ್ವಲ್ಪ ಅತ್ತೆವು. ಮರುದಿನ ನಾನು ಗೋಣಿಚೀಲವನ್ನು ಅವಳ ಎಮ್ಮೆಯ ಕೆಳಗೆ ಹಾಸಲು ಕೊಟ್ಟೆ.

ಆ ದೀಪಾವಳಿಗೆ ನವಾಬ ನಮ್ಮನ್ನು ನಿಜವಾಗಿಯೂ ದಾವಣಗೆರೆಗೆ ಮುಟ್ಟಿಸಿದ. ನಮ್ಮ ಮಿಲ್ಲಿನ ಚಿಮಣಿ ಹೊಗೆಯಿಲ್ಲದೆ ನಿಂತಿತ್ತು. ಈಗ ಬಟ್ಟೆ ಬೆಳ್ಳಗೆ ಒಣಗುತ್ತವೆ ಎಂದಳು ಅವ್ವ, ಅದರಲ್ಲಿ ಅವಳಿಗೇನೂ ಸಂತೋಷವಿದ್ದಂತೆ ಕಾಣಲಿಲ್ಲ. ಬೆಣ್ಣೆದೋಸೆ ತಿಂದು ನಾನು "ಭಾಳ ಛಲೋ ಐತ್ರಿ" ಎಂದಾಗ ಹೋಟೆಲಿನವನು, ಎಲ್ಲಿಂದ ಬಂದಿದೀರಿ ಎಂದು ಕೇಳಿದ. ತಮ್ಮ ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ, ಏಕೆಂದರೆ ಆ ಹೋಟೆಲಿನ ಎದುರಿನ ಬೀದಿಯಲ್ಲೇ ನಾನು ಹುಟ್ಟಿದ್ದು. ಹೊರಡುವಾಗ ಅವ್ವ ಮಡಿಲು ತುಂಬಿ, ನಿಮ್ಮೂರು ಮುಟ್ಟಿದ ಮೇಲೆ ತಿಳಿಸು ಎಂದಳು.

ಸಿಂಧನೂರಿನಲ್ಲಿ ಹುಲಿಗೆಮ್ಮಕ್ಕ ನನ್ನನ್ನು ಮಾತಾಡಿಸುವುದಕ್ಕೂ ಮೊದಲು ನವಾಬನ ಬಾನೆಟ್ಟು ತೆಗೆಸಿ ನೋಡಿದಳು. ಅಲ್ಲಿಯವರು ಇದಕ್ಕೆ ಉಡಿ ತುಂಬಿಲ್ಲವೆಂದು ಖಾತ್ರಿಯಾದ ಮೇಲೆ, ಹಾಗಾದರೆ ಇದರ ತವರು ಇದೇ ಎಂದು ಮುಚ್ಚಿದಳು. ಅವ್ವ ತುಂಬಿದ ನನ್ನ ಸೆರಗಿನ ಗಂಟನ್ನು ಮಾತ್ರ ಒಮ್ಮೆ ಮುಟ್ಟಿ ನೋಡಿ ಬಿಟ್ಟಳು.

ಆಮೇಲೆ ತೆರಿಗೆ ಏರುತ್ತಲೇ ಹೋಯಿತು. ನಿಂತ ಗಾಡಿ ಹೊಗೆ ಬಿಡುವುದಿಲ್ಲವೆಂದು ನಮ್ಮವರು ಒಂದು ದಿನ ನವಾಬನನ್ನು ಹಳೆಯ ಜಾಗದಲ್ಲೇ ನಿಲ್ಲಿಸಿಬಿಟ್ಟರು. ಈಗ ಹಿಂದಿನ ಸೀಟಿನಲ್ಲಿ, ನಾನು ಮೊದಲ ದಿನ ಕಂಡ ಆ ಕರುವಿನ ಕರು ಕೂರುತ್ತದೆ. ನಾನು ಬಸ್ಸಿನಲ್ಲೇ ತವರಿಗೆ ಹೋಗಿ ಬರುತ್ತೇನೆ. ಇಲ್ಲಿಂದ ಹೊರಡುವಾಗ ಹುಲಿಗೆಮ್ಮಕ್ಕ ಉಡಿ ತುಂಬುತ್ತಾಳೆ, ಅಲ್ಲಿಂದ ಹೊರಡುವಾಗ ಅವ್ವ ತುಂಬುತ್ತಾಳೆ. ಎರಡೂ ಕಡೆ ಮಗಳನ್ನು ಕಳಿಸಿಕೊಡುವವರೇ ಇದ್ದಾರೆ. ನಡುವೆ ಹೊಸಪೇಟೆಯಲ್ಲಿ ಬಸ್ಸು ಬದಲಿಸುವಾಗ, ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡವಳನ್ನು ನೋಡಿ ಚಹಾದವನು ಯಾವೂರಮ್ಮ ಎಂದು ಕೇಳುತ್ತಾನೆ. ಯಾವ ಊರಿನ ಬಸ್ಸಿನಿಂದ ಇಳಿದಿರುತ್ತೇನೋ ಆ ಊರಿನ ಹೆಸರು ಹೇಳುತ್ತೇನೆ.